ಮಾರ್ಷಲ್‌ನ ಸಂತಾನ

ಪ್ಲಮ್ ಕಣಿವೆ, ನೆಬ್ರಾಸ್ಕ
೧೩ ನವೆಂಬರ್ ೧೯೫೬, ಮಂಗಳವಾರ

ಪ್ರೀತಿಯ ತಮ್ಮ ಐನಾರ್,

ಹೇಗಿದ್ದೀಯ? ಬೆನ್ನಿನ ಪ್ಲಾಸ್ಟರ್ ಬಿಚ್ಚಿದರೆಂದು ನೀನು ಬರೆದದ್ದನ್ನು ಅಮ್ಮ ಓದಿದ್ದೇ ಓದಿದ್ದು, ಹಾಳೆ ಈಗ ಮಡಿಕೆಯಲ್ಲಿ ಹರಿದು ಎರಡಾಗಿದೆ. ನವೆ ನಿಂತಿತೆ? ಎಡಗಾಲಿನ ಬೆರಳು ಅಲ್ಲಾಡುತ್ತಿದೆ ಎಂದಿದ್ದೀಯ. ಅದು ನಿಜವೋ ಅಥವಾ ಅಮ್ಮನ ಸಮಾಧಾನಕ್ಕೆ ಕಟ್ಟಿದ ಕಥೆಯೋ, ನನಗೆ ಬೇರೆಯಾಗಿ ತಿಳಿಸು. ಚಿಕ್ಕವನಿದ್ದಾಗ ಕೈ ಮುರಿದುಕೊಂಡು, ಹೇಳಿದರೆ ಕುದುರೆ ಹತ್ತಲು ಬಿಡುವುದಿಲ್ಲವೆಂದು, ಜೇಬಿನಲ್ಲಿ ಕೈಯಿಟ್ಟುಕೊಂಡೇ ಊಟಕ್ಕೆ ಬಂದು ಕೂತವನು ನೀನು. ನಿನ್ನ ಮಾತನ್ನು ಹಾಗೆಯೇ ನಂಬಲು ನನಗೇನು ಹುಚ್ಚೆ? ಪಕ್ಕದ ಹಾಸಿಗೆಯ ರೈಲ್ವೆಯವನು ಇನ್ನೂ ನಿದ್ದೆಯಲ್ಲಿ ಹಾಡುತ್ತಾನೆಯೆ? ಉಣ್ಣೆಯ ಕಾಲುಚೀಲ ಎರಡು ಜೊತೆ, ಕಾಡು ಪ್ಲಮ್ಮಿನ ಜಾಮು ಒಂದು ಬಾಟಲಿ ಅಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಈ ವರ್ಷದ ಹಣ್ಣು ಬಹಳ ಹುಳಿ, ಮುಖ ಹಿಂಡಿಕೊಂಡಾದರೂ ತಿನ್ನು. ನಿನ್ನ ಪತ್ರದ ಕೊನೆಯಲ್ಲಿ ಇನ್ನೊಂದು ಮಾತಿತ್ತು. ಮುಂದೆ ಕುದುರೆ ಏರಲಾಗದಿದ್ದರೂ ಕಣ್ಣು ಸರಿಯಾಗಿದೆಯಲ್ಲ, ಬೇರೆಯವರಿಗೆ ದನ ಆರಿಸಿಕೊಟ್ಟಾದರೂ ಬದುಕುತ್ತೇನೆ, ನಮ್ಮ ಹಿಂಡಂತೂ ಇದ್ದೇ ಇದೆ ಎಂದು ಬರೆದಿದ್ದೆ. ಅದನ್ನು ಓದಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗಲಿಲ್ಲ.

ಹಿಂಡು ಇಲ್ಲ, ಐನಾರ್. ಮೊನ್ನೆ ಶನಿವಾರ ಮಾರಿಬಿಟ್ಟೆವು. ಹಸು, ಕಡಸು, ಹೋರಿ, ಎಳೆಗರು, ಒಂದನ್ನೂ ಬಿಡದೆ, ಅಂದರೆ ಒಂದು ಮಾತ್ರ ಬಿಟ್ಟು. ಅದರ ವಿಷಯ ಆಮೇಲೆ. ಅಜ್ಜ ಡೆನ್ಮಾರ್ಕಿನಿಂದ ಬಂದು ಅಯೋವಾದಲ್ಲಿ ಬೇರೆಯವರ ಹುಲ್ಲು ಕೊಯ್ದು ಕೊಯ್ದು, ಕೊನೆಗೆ ವಂಶಾವಳಿಯ ಕಾಗದವಿರುವ ಹೆರ್ಫರ್ಡ್ ತಳಿಯ ಹಸುಗಳನ್ನು ರೈಲಿನಲ್ಲಿ ತಂದು ಈ ಮರಳುಗುಡ್ಡಗಳ ನಡುವೆ ಇಳಿಸಿದನಲ್ಲ, ಆ ಹಸುಗಳ ಮಗಳ ಮಗಳ ಮಗಳಂದಿರು ಶನಿವಾರ ಸಂಜೆ ಲಾರಿ ಹತ್ತಿ ಹೋದರು. ನಿನಗೆ ಇದನ್ನು ಹೇಳಬಾರದೆಂದು ಡಾಕ್ಟರು ಅಪ್ಪನಿಗೆ ಹೇಳಿದ್ದರಂತೆ, ರೋಗಿಗೆ ಎದ್ದು ನಡೆಯುವ ಮನಸ್ಸು ಬರಬೇಕು, ಬೇಸರದ ಸುದ್ದಿ ಬೇಡ ಎಂದು. ಅದಕ್ಕೇ ಅಪ್ಪ ಪ್ರತಿ ವಾರ ನಿನಗೆ ಕರುಗಳು ಚೆನ್ನಾಗಿ ಮೈ ತುಂಬಿಕೊಳ್ಳುತ್ತಿವೆ, ಹುಲ್ಲು ಚೆನ್ನಾಗಿದೆ, ಗಾಳಿಯಂತ್ರ ರಿಪೇರಿ ಮಾಡಿದೆ ಎಂದು ಬರೆಯುತ್ತಿದ್ದದ್ದು. ಗಾಳಿಯಂತ್ರ ಒಂದೇ ನಿಜ. ಅಡಿಗೆಮನೆಯ ಮೇಜಿನ ಮೇಲೆ ನಾಲಿಗೆ ಕಚ್ಚಿಕೊಂಡು ಅವನು ಸುಳ್ಳು ಬರೆಯುವುದನ್ನು ಬೇಸಿಗೆಯಿಡೀ ನೋಡಿ ನನಗೆ ಮೈ ಉರಿದುಹೋಗಿದೆ. ಸುಳ್ಳು ಬರೆಯುವುದೂ ಒಂದು ಕಲೆ, ಅಪ್ಪನಿಗೆ ಅದು ಬರುವುದಿಲ್ಲ.

ಏಕೆ ಮಾರಿದೆವು ಎಂದು ನೀನು ಆಗಲೇ ಊಹಿಸಿರಬೇಕು. ಹೋದ ವರ್ಷದ ವಸಂತದಲ್ಲಿ ಹುಟ್ಟಿದ ಆ ಒಂದು ಕರು ನೆನಪಿದೆಯಲ್ಲ? ಉಬ್ಬಿದ ಹಣೆ, ಬಾಯಲ್ಲಿ ಹಿಡಿಸದ ನಾಲಿಗೆ, ಕುಳ್ಳು ಕಾಲು, ಡೊಳ್ಳು ಹೊಟ್ಟೆ, ಉಸಿರೆಳೆದರೆ ಗೊರಗೊರ ಸದ್ದು. ತಾಯಿ ಏನೋ ಕೆಟ್ಟ ಸೊಪ್ಪು ತಿಂದಿರಬೇಕು ಎಂದು ನೀನು ಹೇಳಿದೆ, ಇರಬಹುದು ಎಂದು ಅಪ್ಪ ಹೇಳಿದ, ತಲೆಗೆ ಒಂದು ಏಟು ಹಾಕಿ ಗುಡ್ಡದ ಹಿಂದೆ ಹೂತು ಬಂದಿರಿ. ಈ ಕಡೆಯ ದೊಡ್ಡ ದೊಡ್ಡ ರ‍್ಯಾಂಚಿನವರೆಲ್ಲ ಹೀಗೆಯೇ ಮಾಡಿದ್ದಾರೆ ಎಂದು ಈಗ ತಿಳಿಯುತ್ತಿದೆ. ಯಾರ ಗುಡ್ಡದ ಹಿಂದೆ ಏನು ಹೂತಿದೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಈ ವರ್ಷ ಮೇ ತಿಂಗಳಲ್ಲಿ ಕುದುರೆ ನಿನ್ನ ಮೇಲೆ ಬಿದ್ದು ನಿನ್ನನ್ನು ಒಮಾಹಾದ ಆಸ್ಪತ್ರೆಗೆ ಸಾಗಿಸಿದ ಮೇಲೆ ತಡವಾಗಿ ಈಯುವ ಕಡಸುಗಳ ಸರದಿ ಬಂತು. ನಮ್ಮ ದೊಡ್ಡ ಹೋರಿ ಮಾರ್ಷಲ್‌ನ ಹೆಣ್ಣುಮಕ್ಕಳನ್ನು ಮತ್ತೆ ಮಾರ್ಷಲ್‌ಗೇ ಕೊಡಿಸಿದ್ದೆವಲ್ಲ, ತಳಿ ಗಟ್ಟಿಯಾಗಲಿ ಎಂದು, ಅವು. ಒಂದಾದ ಮೇಲೆ ಒಂದು ಅಂಥದ್ದೇ ಕರುಗಳು. ನಾನು ಒಂದಕ್ಕೆ ಸೂಲಗಿತ್ತಿಯಾದೆ. ಮೊಳಕೈವರೆಗೆ ಕೈ ಹಾಕಿ ಎಳೆದು ಹೊರಗೆ ಹಾಕಿದಾಗ ಅದರ ಹಣೆ ನೋಡಿದೆ, ಒದ್ದೆ ಹುಲ್ಲಿನ ಮೇಲೆ ಹಾಗೆಯೇ ಕೂತುಬಿಟ್ಟೆ. ತಾಯಿ ಮಾತ್ರ ಅದನ್ನು ನೆಕ್ಕುತ್ತಲೇ ಇತ್ತು, ಲೋಕದಲ್ಲಿ ಅದಕ್ಕಿಂತ ಚೆಂದದ ಕರು ಇಲ್ಲವೆಂಬಂತೆ.

ಜೂನಿನಲ್ಲಿ ಹೆನ್ರಿ ಪೊಸ್ಪಿಶಿಲ್ ಬಂದರು. ಅವರು ನಮ್ಮಿಂದ ಮಾರ್ಷಲ್‌ನ ಮಗನನ್ನೂ ಕಡಸುಗಳನ್ನೂ ಕೊಂಡು ಹೊಸದಾಗಿ ಕಾಗದದ ಹಿಂಡು ಕಟ್ಟಿದವರು, ನಿನಗೆ ಗೊತ್ತೇ ಇದೆ. ಪಿಕಪ್ಪಿನ ಹಿಂದೆ ಗೋಣಿತಾಟಿನ ಕೆಳಗೆ ಒಂದು ಸತ್ತ ಕರು. ಜಗಳವಾಡಲಿಲ್ಲ, ಕೂಗಾಡಲಿಲ್ಲ. ತಾಟು ಸರಿಸಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಆಕ್ಸೆಲ್, ನಮ್ಮನೇಲಿ ಇದು ಮೊದಲ್ನೇದಲ್ಲ. ನಿಮ್ಮನೇಲೂ ಆಗಿದ್ಯಾ, ಅಷ್ಟು ಹೇಳು ಸಾಕು" ಅಂದರು. ಅಪ್ಪ "ಆಗಿದೆ" ಅಂದ. ಪೊಸ್ಪಿಶಿಲ್ ತಲೆಯಾಡಿಸಿ ಪಿಕಪ್ ಹತ್ತಿದರು. ಕಾಫಿ ಕುಡಿದು ಹೋಗಿ ಎಂದು ಅಮ್ಮ ಕರೆದದ್ದು ಅವರಿಗೆ ಕೇಳಿಸಿತೋ ಇಲ್ಲವೋ.

ಆಮೇಲೆ ಕೃಷಿ ಕಾಲೇಜಿನಿಂದ ಒಬ್ಬರು ಬಂದರು, ಕನ್ನಡಕದ ತೆಳ್ಳನೆಯ ಮನುಷ್ಯ, ಬಹಳ ಸಂಕೋಚದವರು. ದೊಡ್ಡಿಯ ಬೇಲಿಗೆ ಒರಗಿ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಈ ದೋಷ ರಕ್ತದಲ್ಲಿ ಅಡಗಿ ಬರುತ್ತದೆ. ತಂದೆಯಲ್ಲೂ ತಾಯಿಯಲ್ಲೂ ಇದ್ದರೆ ಮಾತ್ರ ಕರು ಹಾಗೆ ಹುಟ್ಟುತ್ತದೆ. ಒಬ್ಬರಲ್ಲೇ ಇದ್ದರೆ ಹೊರಗೆ ಕಾಣುವುದಿಲ್ಲ, ಅಷ್ಟೇ ಅಲ್ಲ, ಅಂಥ ದನ ನೋಡಲು ಉಳಿದವಕ್ಕಿಂತ ಚೆನ್ನಾಗಿಯೇ ಇರುತ್ತದೆ. ಗಿಡ್ಡ ಕಾಲು, ಅಗಲ ಎದೆ, ಮುದ್ದು ಮುಖ, ದಿಂಬಿನಂಥ ಮೈ. ನಾವೆಲ್ಲ ಪ್ರದರ್ಶನದಲ್ಲಿ ನೀಲಿ ರಿಬ್ಬನ್ನು ಕಟ್ಟಿ ಕಟ್ಟಿ ಬೆಳೆಸಿದ್ದು ಅದನ್ನೇ. ಹಾಗಾದರೆ ಯಾವುದರಲ್ಲಿದೆ ಯಾವುದರಲ್ಲಿಲ್ಲ ಎಂದು ಹೇಗೆ ತಿಳಿಯುವುದು ಎಂದು ಅಪ್ಪ ಕೇಳಿದ. ಒಂದೊಂದಕ್ಕೂ ವರ್ಷಗಟ್ಟಲೆ ಕರು ಹಾಕಿಸಿ ನೋಡಬೇಕು, ಬೇರೆ ದಾರಿಯಿಲ್ಲ ಅಂದರು. ಅಪ್ಪ ಬೇಲಿಯಾಚೆ ನೋಡುತ್ತ ನಿಂತ. ಮಾರ್ಷಲ್ ಬಂದಾಗಿನಿಂದ ಹುಟ್ಟಿದ್ದೆಲ್ಲ ಅವನದೇ ಸಂತಾನ, ಬೇಲಿಯಾಚೆ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ.

ಡೆನ್ವರಿನ ದನದ ಪ್ರದರ್ಶನದಲ್ಲಿ ನೀನು ಆರಿಸಿದ ಮಾರ್ಷಲ್‌ನನ್ನು ಮನೆಗೆ ತಂದ ದಿನ ನಿನಗೆ ನೆನಪಿಲ್ಲದೆ ಇರುತ್ತದೆಯೆ? ಗಾಡಿಯಿಂದ ಅವನನ್ನು ಇಳಿಸುವಾಗಲೇ ಅಪ್ಪ ಗೊಣಗಲು ಶುರುಮಾಡಿದ್ದ, "ಕಾಲು ಗಿಡ್ಡ ಕಣೋ, ಹಿಮದಲ್ಲಿ ಹೊಟ್ಟೆ ಎಳ್ಕೊಂಡು ನಡೀತಾನೆ, ನಂಗ್ ಬೇಡವಾಗಿತ್ತು" ಎಂದು. ನೀನು ನಕ್ಕು "ಅಪ್ಪಾ, ನಿಂದು ಹಳೇ ಕಣ್ಣು" ಅಂದೆ. ಅಮ್ಮನೂ ನಕ್ಕಳು. ನಾನೂ ನಕ್ಕೆ. ನೀನು ಅವನ ಮೂಗುದಾರ ಹಿಡಿದು ಹಲ್ಲು ಕಿಸಿಯುತ್ತ ನಿಂತ ಫೋಟೋ ತಳಿಯ ಮಾಸಪತ್ರಿಕೆಯ ಮುಖಪುಟಕ್ಕೇ ಬಂತು, ಊರೂರಿನ ದನದವರು ಅದನ್ನು ಕತ್ತರಿಸಿ ಕೊಟ್ಟಿಗೆಯಲ್ಲಿ ಅಂಟಿಸಿಕೊಂಡರು. ನಮ್ಮ ಊಟದ ಕೋಣೆಯಲ್ಲೂ ಸೆಪ್ಟೆಂಬರಿನವರೆಗೆ ಅದು ಇತ್ತು. ಮಾರ್ಷಲ್‌ನನ್ನು ಅಪ್ಪ ತಾನೇ ಲಾರಿಯಲ್ಲಿ ಕೂರಿಸಿಕೊಂಡು ಹೋಗಿ ಮಾಂಸಕ್ಕೆ ಕೊಟ್ಟು ಬಂದ ದಿನ ಅಮ್ಮ ಫೋಟೋ ತೆಗೆದಳು. ಮೊಳೆ ಇನ್ನೂ ಗೋಡೆಯಲ್ಲೇ ಇದೆ.

ನಿನಗೆ ನೋವಾಗಲಿ ಎಂದು ಇದನ್ನೆಲ್ಲ ಬರೆಯುತ್ತಿಲ್ಲ. ಆಗ ಎಲ್ಲರ ಕಣ್ಣಿಗೂ ಹಾಗೆಯೇ ಕಾಣುತ್ತಿತ್ತು, ಡೆನ್ವರಿನ ತೀರ್ಪುಗಾರರ ಕಣ್ಣಿಗೂ. ಅಪ್ಪನೂ ಎರಡೇ ವರ್ಷದಲ್ಲಿ ಮಾರ್ಷಲ್‌ನ ಕರುಗಳನ್ನು ಕಂಡು ಬೀಗಲು ಶುರುಮಾಡಿದ್ದ.

ಬೇಸಿಗೆಯ ಕೊನೆಗೆ ಹರಾಜು ನಡೆಸುವ ಕರ್ನಲ್ ಬೀಸನ್ ಮನೆಗೆ ಬಂದರು. ಈ ಹರಾಜು ಕೂಗುವವರೆಲ್ಲ ಅದು ಯಾವ ಸೈನ್ಯದಲ್ಲಿ ಕರ್ನಲ್ ಆದರೋ ದೇವರಿಗೇ ಗೊತ್ತು. ಅಮ್ಮ ಮಾಡಿದ ಆಪಲ್ ಪೈ ಎರಡು ತುಂಡು ತಿಂದು, ಕರವಸ್ತ್ರದಲ್ಲಿ ಮೀಸೆ ಒರೆಸಿಕೊಂಡು ವ್ಯವಹಾರಕ್ಕೆ ಬಂದರು. ಇಡೀ ಹಿಂಡನ್ನು ಒಂದೇ ದಿನ ಮಾರಿಬಿಡಿ, ನಿಮ್ಮ ಹೆಸರು ಇನ್ನೂ ಬಂಗಾರ, ಕ್ಯಾನ್ಸಸ್‌ನಿಂದ ಮೊಂಟಾನಾದಿಂದ ಜನ ಬರುತ್ತಾರೆ, ಕಾರಣ ಕೇಳಿದರೆ ಮಗನಿಗೆ ಬೆನ್ನು ಮುರಿದಿದೆ ನೋಡಿಕೊಳ್ಳುವವರಿಲ್ಲ ಎಂದು ಹೇಳಿದರಾಯಿತು, ಅದೂ ಸುಳ್ಳಲ್ಲವಲ್ಲ ಅಂದರು. ಉಳಿದದ್ದರ ಬಗ್ಗೆ ಏನೂ ಹೇಳುವುದು ಬೇಡ, ಯಾರೂ ಹೇಳುವುದಿಲ್ಲ, ಕೊಳ್ಳುವವನು ಕಣ್ಣು ಬಿಟ್ಟುಕೊಂಡು ಕೊಳ್ಳುತ್ತಾನೆ ಅಂದರು. ಅವರು ಹೋದ ಮೇಲೆ ನಾನು ಕರ್ನಲ್ ಹೇಳಿದ್ದೇ ಸರಿ ಅಂದೆ. ಹೌದು, ಅಂದೆ, ಇನ್ನೊಮ್ಮೆ ಕೇಳಿದರೂ ಅರ್ಧ ಮನಸ್ಸಿನಿಂದ ಅದನ್ನೇ ಅನ್ನುತ್ತೇನೇನೋ. ಒಮಾಹಾದಲ್ಲಿ ನೀನು ಮಲಗಿದ್ದೀಯ, ನಿನಗೆ ಮುಂದೆ ಒಂದು ನೆಲೆ ಬೇಡವೆ? ಬೇರೆಯವರೆಲ್ಲ ಮುಚ್ಚಿಟ್ಟು ದೊಡ್ಡವರಾಗಿರುವಾಗ ನಾವೊಬ್ಬರೇ ಏಕೆ ಬೆತ್ತಲಾಗಬೇಕು? ಅಪ್ಪ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಪಟ್ಟಿ ಅಚ್ಚಾಯಿತು, ಪತ್ರಿಕೆಯಲ್ಲಿ ಜಾಹೀರಾತು ಬಂತು. ಅಪ್ಪ ಒಪ್ಪಿದ್ದಾನೆ ಎಂದೇ ನಾವೆಲ್ಲ ಅಂದುಕೊಂಡೆವು.

ಜುಲೈಯಲ್ಲಿ ಹುಟ್ಟಿದ ಒಂದು ಕುಳ್ಳು ಕರುವನ್ನು ಮಾತ್ರ ಅಪ್ಪ ಹೊಡೆದು ಹಾಕಿರಲಿಲ್ಲ. ಯಂತ್ರದ ಶೆಡ್ಡಿನ ಹಿಂದೆ ಚಿಕ್ಕ ಕಟಾಂಜನ ಕಟ್ಟಿ ಬಿಟ್ಟಿದ್ದ. ತಾಯಿಯ ಹಾಲು ಸರಿಯಾಗಿ ಎಳೆಯಲು ಬಾರದು, ನಾಲಿಗೆ ಅಡ್ಡ ಬರುತ್ತದೆ, ಅದಕ್ಕೆ ಅಮ್ಮ ಬಕೆಟ್ಟಿನಲ್ಲಿ ಕುಡಿಸುತ್ತಿದ್ದಳು. ಅವಳನ್ನು ಕಂಡರೆ ಕುಳ್ಳು ಕಾಲಿನಲ್ಲಿ ಗೊರಗುಟ್ಟುತ್ತ ಓಡಿ ಬರುತ್ತಿತ್ತು. ಹೊಡೆದು ಹೊಡೆದು ಅಪ್ಪನಿಗೆ ಸಾಕಾಗಿರಬೇಕು, ಕರುಣೆಯಿಂದ ಇಟ್ಟುಕೊಂಡಿದ್ದಾನೆ ಎಂದು ನನ್ನ ಲೆಕ್ಕಾಚಾರವಾಗಿತ್ತು.

ಶನಿವಾರ ಬೆಳಗ್ಗೆ ನೆಲ ಗಟ್ಟಿಯಾಗಿತ್ತು, ಗಾಳಿ ಬೀಸುತ್ತಿರಲಿಲ್ಲ, ಮಾರಾಟಕ್ಕೆ ಹೇಳಿ ಮಾಡಿಸಿದ ದಿನ. ದೊಡ್ಡ ಕೊಟ್ಟಿಗೆಯಲ್ಲಿ ಹರಾಜಿನ ಕಣ ಕಟ್ಟಿ, ಸುತ್ತ ಮೆಟ್ಟಿಲು ಬೆಂಚು ಹಾಕಿಸಿದ್ದೆವು. ಅಮ್ಮನೂ ಚರ್ಚಿನ ಹೆಂಗಸರೂ ಹಿಂದಿನ ದಿನವೆಲ್ಲ ಬೀನ್ಸು ಬೇಯಿಸಿ, ಮಾಂಸ ಹುರಿದು, ಪೈಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಬಂದವರಿಗೆಲ್ಲ ಮಧ್ಯಾಹ್ನದ ಊಟ ಹಾಕದೆ ನಮ್ಮ ಬುಂಡ್‌ಗಾರ್ಡ್ ಮನೆತನದ ಯಾರೂ ಈವರೆಗೆ ದನ ಮಾರಿಲ್ಲ. ನಾನು ಎರಡು ದಿನದಿಂದ ಹಸುಗಳ ಮೈ ತೊಳೆದು, ಬಾಲದ ಕುಚ್ಚು ಬಾಚಿ, ಕಿವಿಯೊಳಗಿನ ಹಚ್ಚೆಯ ನಂಬರು ಕಾಣುವಂತೆ ಒರೆಸಿದ್ದೆ. ಬಿಳಿ ಮುಖ, ಕೆಂಪು ಮೈ, ಒಂದೊಂದೂ ಹೊಳೆಯುತ್ತಿತ್ತು. ನೀನಿದ್ದಿದ್ದರೆ ನನ್ನ ಕೆಲಸದಲ್ಲಿ ತಪ್ಪು ಹುಡುಕುತ್ತ ಹಿಂದೆ ಮುಂದೆ ಓಡಾಡುತ್ತಿದ್ದೆ. ಹಾಳಾದವನೆ, ನೀನಿಲ್ಲದ್ದು ಅವತ್ತು ಬಹಳ ಅನ್ನಿಸಿತು. ಕಾರು, ಲಾರಿ, ಟ್ರೇಲರುಗಳು ರಸ್ತೆಯ ತಿರುವಿನವರೆಗೆ ನಿಂತಿದ್ದವು. ಕೊಟ್ಟಿಗೆ ತುಂಬಿ ಜನ ಗೋಡೆಗೆ ಒರಗಿ ನಿಂತರು. ಮಾಂಸದ ದಲ್ಲಾಳಿಗಳೂ ಇಬ್ಬರು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು, ಮುದಿ ಹಸುಗಳೇನಾದರೂ ಸಿಕ್ಕಾವೆಂದು.

ಕರ್ನಲ್ ಕಟ್ಟೆಯ ಮೇಲೆ ನಿಂತು ಅಜ್ಜನನ್ನು ಹೊಗಳಿದರು, ಅಪ್ಪನನ್ನು ಹೊಗಳಿದರು, ಆಸ್ಪತ್ರೆಯಲ್ಲಿರುವ ನಿನಗಾಗಿ ಎಲ್ಲರೂ ಟೋಪಿ ತೆಗೆದರು. ಆಮೇಲೆ ವಾಡಿಕೆಯಂತೆ, ದೋಷ ಹೇಳಲು ಅಪ್ಪನನ್ನು ಕರೆದರು. ಈ ವಾಡಿಕೆ ನಮ್ಮ ಕಡೆ ಎಷ್ಟು ಗಟ್ಟಿ ಎಂದು ನಿನಗೆ ಹೇಳಬೇಕಿಲ್ಲ. ಇಂಥ ಹಸುವಿಗೆ ಒಂದು ಕಣ್ಣು ಮಂಜು, ಇಂಥದ್ದರ ಒಂದು ಮೊಲೆ ಬತ್ತಿದೆ, ಇಂಥ ಹೋರಿ ಬೇಲಿ ಹಾರುತ್ತಾನೆ ಎಂದು ಮಾರುವವನು ಸವಾಲಿಗೆ ಮೊದಲು ತನ್ನ ಬಾಯಿಂದ ಹೇಳಬೇಕು. ಹೇಳಿದ ಮೇಲೆ ಕೊಂಡವನ ಹಣೆಬರಹ. ಅಪ್ಪ ಕಟ್ಟೆ ಹತ್ತಲಿಲ್ಲ. ನನ್ನ ಕಡೆ ತಿರುಗಿ, ಹಿಂದಿನ ಬಾಗಿಲು ತೆಗಿ ಥೋರಾ ಅಂದ. ತೆಗೆದೆ. ಅವನು ಹೊರಗೆ ಹೋಗಿ, ಆ ಕುಳ್ಳು ಕರುವಿನ ಕೊರಳಿಗೆ ಹಗ್ಗ ಹಾಕಿ ಕಣದ ಮಧ್ಯಕ್ಕೆ ನಡೆಸಿಕೊಂಡು ಬಂದ. ಅದು ಜನರನ್ನು ನೋಡಿ ಹೆದರಿ ಅವನ ಕಾಲಿಗೆ ಅಂಟಿಕೊಂಡು ನಿಂತಿತು. ಅಷ್ಟು ದೊಡ್ಡ ಕೊಟ್ಟಿಗೆಯಲ್ಲಿ ಅದರ ಉಸಿರಿನ ಗೊರಗೊರ ಒಂದೇ ಸದ್ದು.

"ದೋಷ ಇದು" ಅಂದ ಅಪ್ಪ. ದನಿ ಎತ್ತಲಿಲ್ಲ, ಆದರೂ ಕೊನೆಯ ಬೆಂಚಿಗೂ ಕೇಳಿಸಿತು. "ಇದರಪ್ಪ ಮಾರ್ಷಲ್. ನೀವು ನೋಡೋಕೆ ಬಂದಿರೋ ದನ ಎಲ್ಲಾ ಅವನ ಮಕ್ಕಳು, ಮೊಮ್ಮಕ್ಕಳು. ಯಾವುದ್ರಲ್ಲಿದೆ ಅಂತ ನಂಗೊತ್ತಿಲ್ಲ, ನಿಮಗೂ ಗೊತ್ತಾಗಲ್ಲ. ಅದಕ್ಕೆ ಕಾಗದ ಯಾರಿಗೂ ಕೊಡಲ್ಲ. ತೂಕಕ್ಕೆ ಮಾರ್ತೀನಿ, ತಿನ್ನೋಕೆ. ಸಾಕೋಕಲ್ಲ."

ಕರ್ನಲ್ ಮೈಕು ಮುಚ್ಚಿ ಬಗ್ಗಿ ಏನೋ ಹೇಳಿದರು. ಅಪ್ಪ ಇಲ್ಲವೆಂದು ತಲೆಯಾಡಿಸಿದ. ಅಲ್ಲಿಗೆ ಮುಗಿಯಿತು, ಐನಾರ್. ಎಲ್ಲರೂ ಎದ್ದು ಬಂದು ಅಪ್ಪನ ಕೈ ಕುಲುಕಿದರು, ಪ್ರಾಮಾಣಿಕ ಮನುಷ್ಯ ಎಂದು ಕೊಂಡಾಡಿದರು ಎಂದು ಬರೆಯಲು ನನಗೂ ಆಸೆಯಿದೆ. ಹಾಗೇನೂ ಆಗಲಿಲ್ಲ. ಕ್ಯಾನ್ಸಸ್‌ನಿಂದ ಎರಡು ದಿನ ಗಾಡಿ ಓಡಿಸಿಕೊಂಡು ಬಂದವನೊಬ್ಬ ಪಟ್ಟಿಯನ್ನು ಕಣದೊಳಕ್ಕೆ ಎಸೆದು ಹೊರಟುಹೋದ. ಹೋದ ವರ್ಷ ನಮ್ಮ ಹೋರಿಗಳನ್ನು ಕೊಂಡಿದ್ದವರು ಬಿಳಿಚಿಕೊಂಡರು, ಅವರ ಪಕ್ಕ ಕೂತಿದ್ದವರು ಮೆಲ್ಲಗೆ ಜಾಗ ಬಿಟ್ಟು ಕೂತರು. ಎಲ್ಲರಿಗಿಂತ ಹೆಚ್ಚು ಸಿಟ್ಟಾದವರು ನಮ್ಮ ಸುತ್ತಲಿನ ರ‍್ಯಾಂಚಿನವರು, ನಮ್ಮವರೇ ಎಂದು ನಾವು ಅಂದುಕೊಂಡಿದ್ದವರು. ಏಕೆಂದರೆ ನಾಳೆಯಿಂದ ಅವರನ್ನೂ ಜನ ಕೇಳುತ್ತಾರೆ. ಅವರಲ್ಲೊಬ್ಬ ಬಾಗಿಲ ಹತ್ತಿರ ನನಗೆ ಕೇಳುವಂತೆಯೇ, "ಮುಳುಗೋನು ಒಬ್ನೇ ಮುಳುಗ್ಬೇಕಿತ್ತು" ಅಂದ. ಅವನ ಹೆಂಡತಿ ಆಗ ನಮ್ಮ ಅಡಿಗೆಮನೆಯಲ್ಲಿ ತಟ್ಟೆ ಜೋಡಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳೂ ಏಪ್ರನ್ ಬಿಚ್ಚಿಟ್ಟು ಹೋದಳು.

ಉಳಿದವರು ದಲ್ಲಾಳಿಗಳಿಬ್ಬರು. ಕರ್ನಲ್ ಕೂಗುವ ಉತ್ಸಾಹವೇ ಇಲ್ಲದೆ, ಹಳೆ ಕಬ್ಬಿಣ ತೂಗಿ ಕೊಡುವವನ ಹಾಗೆ ಮುಗಿಸಿದರು. ನಾನು ಬಾಚಿದ ಬಾಲ, ಒರೆಸಿದ ಕಿವಿ ಯಾರೂ ನೋಡಲಿಲ್ಲ. ಹೆಸರಿನಿಂದ ಕರೆಯುತ್ತಿದ್ದ ಹಸುಗಳು ಹಿಂಡುಹಿಂಡಾಗಿ ಒಂದು ಬಾಗಿಲಿನಿಂದ ಬಂದು ಇನ್ನೊಂದು ಬಾಗಿಲಿನಿಂದ ಹೋದವು. ಊಟದ ಹೊತ್ತಿಗೆ ಉದ್ದನೆಯ ಮೇಜುಗಳ ಮುಂದೆ ಕೂತದ್ದು ಹೆನ್ರಿ ಪೊಸ್ಪಿಶಿಲ್ ಒಬ್ಬರೇ. ಅವರ ಸಾಕಣೆಯೂ ಮುಗಿದ ಹಾಗೆಯೇ, ಅವರು ಯಾವಾಗ ಮಾರುತ್ತಾರೋ. ಟೋಪಿಯನ್ನು ಪಕ್ಕದಲ್ಲಿಟ್ಟು ಎರಡು ತಟ್ಟೆ ಬೀನ್ಸು ತಿಂದು, ಅಮ್ಮನಿಗೆ "ಉಪ್ಪು ಹದವಾಗಿದೆ ಕಣಮ್ಮ" ಎಂದು ಹೇಳಿ ಎದ್ದರು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಅಮ್ಮ ಆಗ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಉಳಿದ ಬೀನ್ಸನ್ನು ನಾವು ಇವತ್ತೂ ತಿನ್ನುತ್ತಿದ್ದೇವೆ.

ಲಾರಿ ಹತ್ತಿಸುವಾಗ ನಾನು ದೊಡ್ಡಿಯಲ್ಲಿ ಇರಬಾರದಿತ್ತು. ನಾನು ಕರೆದರೆ ಬರುತ್ತವೆ ಎಂದು ದಲ್ಲಾಳಿಯ ಕಡೆಯವರು ನನ್ನನ್ನೇ ಕರೆದರು. ಕೋಲಿನ ಪೆಟ್ಟು ತಿಂದು ಹತ್ತುವುದಕ್ಕಿಂತ ಅದೇ ಮೇಲೆಂದು ನಾನು ಹಲಗೆಯ ಮೇಲೆ ನಿಂತು, ಮೇವಿಗೆ ಕರೆಯುವ ಹಾಗೆ ಕರೆದೆ. ಬಂದವು. ಒಂದೂ ಹಟ ಮಾಡದೆ ನನ್ನ ಕೈ ಮೂಸುತ್ತ ಹತ್ತಿದವು. ಆ ಕುಳ್ಳು ಕರುವನ್ನು ಯಾರೂ ಕೊಳ್ಳಲಿಲ್ಲ. ಭಾನುವಾರ ಬೆಳಗ್ಗೆ ಅಮ್ಮ ಅದಕ್ಕೆ ಹಾಲು ಕುಡಿಸಿ ಒಳಗೆ ಬಂದ ಮೇಲೆ ಅಪ್ಪ ಶೆಡ್ಡಿನ ಹಿಂದೆ ಹೋದ. ಬಂದೂಕಿನ ಸದ್ದಾದಾಗ ಅಮ್ಮ ಬಕೆಟ್ಟು ತೊಳೆಯುತ್ತಿದ್ದಳು, ತೊಳೆಯುವುದನ್ನು ನಿಲ್ಲಿಸಲಿಲ್ಲ. ಅದಾದ ಮೇಲೆ ಮೂವರೂ ಚರ್ಚಿಗೆ ಹೋದೆವು. ನಮ್ಮ ಬೆಂಚಿನಲ್ಲಿ ನಾವು ಮೂವರೇ. ಪಾದ್ರಿಗಳು ಮಾತ್ರ ಕೈ ಕೊಟ್ಟರು, ಅವರಿಗೆ ದನ ಇಲ್ಲವಲ್ಲ.

ಒಂದನ್ನು ಬಿಟ್ಟು ಎಂದು ಮೊದಲೇ ಬರೆದೆನಲ್ಲ, ಅದು ನಿನ್ನ ಮುದುಕಿ ಫ್ರೀಡಾ. ಹುಡುಗನಿದ್ದಾಗ ಜಿಲ್ಲೆಯ ಪ್ರದರ್ಶನಕ್ಕೆ ಅವಳನ್ನು ಹಿಡಿದುಕೊಂಡು ಹೋಗಿ, ಅವಳು ನಿನ್ನನ್ನೇ ಕಣದ ತುಂಬ ಎಳೆದಾಡಿದಳಲ್ಲ. ಮಾರ್ಷಲ್ ಬರುವ ಮೊದಲೇ ಹುಟ್ಟಿದವಳು, ಅವನ ರಕ್ತ ಇಲ್ಲ. ಆದರೆ ಕರು ಹಾಕುವುದು ನಿಂತು ಮೂರು ವರ್ಷವಾಯಿತು, ಹಲ್ಲೂ ಸವೆದಿದೆ. ಮಾರ್ಷಲ್‌ನ ರಕ್ತ ಸೇರದ ಒಂದೇ ಒಂದು ಬುಂಡ್‌ಗಾರ್ಡ್ ಹೆರ್ಫರ್ಡ್ ಇನ್ನು ಕರು ಹಾಕುವುದಿಲ್ಲ. ಎಲ್ಲವೂ ಎಲ್ಲಿಗೆ ಹೋದವೆಂದು ತಿಳಿಯದೆ ಶನಿವಾರದಿಂದ ಬೇಲಿಯುದ್ದಕ್ಕೂ ನಡೆದು ನಡೆದು ಕೂಗುತ್ತಿದ್ದಾಳೆ. ಈ ಪತ್ರ ಬರೆಯುವಾಗಲೂ ಕೇಳಿಸುತ್ತಿದೆ. ಅಪ್ಪ ಕಿಟಕಿ ಮುಚ್ಚುತ್ತಾನೆ, ಅಮ್ಮ ತೆಗೆಯುತ್ತಾಳೆ.

ಹುಲ್ಲುಗಾವಲನ್ನು ಬೇರೆಯವರ ದನಕ್ಕೆ ಬಾಡಿಗೆಗೆ ಕೊಡುವ ಮಾತಿದೆ. ನಾನು ಪೇಟೆಯ ಶಾಲೆಯಲ್ಲಿ ಅಡಿಗೆ ಕೆಲಸಕ್ಕೆ ಕೇಳಿದ್ದೇನೆ. ನಗಬೇಡ, ನೂರು ಮಕ್ಕಳಿಗೆ ಮೇವು ಹಾಕುವುದು ನನಗೇನೂ ಹೊಸದಲ್ಲ. ನೀನು ಸಿಟ್ಟು ಮಾಡಿಕೋ, ಅಳು, ಜಾಮಿನ ಬಾಟಲಿಯನ್ನು ಗೋಡೆಗೆ ಎಸೆ, ಆದರೆ ನಡೆಯುವ ಅಭ್ಯಾಸ ಬಿಡಬೇಡ. ಹಿಂಡು ಹೋಯಿತು, ಇನ್ನು ಏಳುವುದೇಕೆ ಎಂದು ನಿನಗೆ ಅನ್ನಿಸುತ್ತದೆ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನನಗೆ ಗೊತ್ತು. ಅದಕ್ಕೇ ಹೇಳುತ್ತೇನೆ, ನೀನು ಎದ್ದು ಬಾ. ನಮಗೆ ಬೇಕಾಗಿರುವುದು ನೀನು.

ಅಮ್ಮ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ. ಈ ಪತ್ರದಲ್ಲಿ ಏನಿದೆಯೆಂದು ಅವಳಿಗೆ ಗೊತ್ತು, ಬರೆ ಎಂದು ಅವಳೇ ಹೇಳಿದ್ದು. ದೇವರು ನಿನ್ನ ಬೆನ್ನಿಗೆ ಬಲ ಕೊಡಲಿ, ನಾಲಿಗೆಗೆ ಸ್ವಲ್ಪ ತಾಳ್ಮೆ ಕೊಡಲಿ.

ನಿನ್ನ ಅಕ್ಕ,
ಥೋರಾ

ಮ.ವಿ.: ಅಂಚೆಯ ಗಾಡಿ ಗುಡ್ಡ ಇಳಿಯುತ್ತಿದೆ, ಬೇಗ ಬರೆಯುತ್ತೇನೆ. ಅಪ್ಪ ಕಣದಲ್ಲಿ ಹೇಳಿದ್ದರಲ್ಲಿ ಒಂದು ಮಾತು ಮೇಲೆ ಬರೆಯಲಿಲ್ಲ, ಬರೆಯಲು ಕೈ ಬರಲಿಲ್ಲ. ಎಲ್ಲ ಹೇಳಿ ಮುಗಿಸಿ, ಕರುವಿನ ಹಗ್ಗ ಹಿಡಿದುಕೊಂಡೇ ಅವನು ಅಂದ: "ಡೆನ್ವರಲ್ಲಿ ಆ ಹೋರಿ ಆರಿಸಿದ್ದು ನಾನು. ನನ್ನ ಮಗ ಬೇಡ ಅಂದ, ಕಾಲು ಗಿಡ್ಡ ಅಂದ. ನಾನೇ ಹಟ ಹಿಡಿದೆ. ದನದ ಕಣ್ಣು ಅವನಿಗಿದೆ, ನನಗಿಲ್ಲ." ಆ ಕೊಟ್ಟಿಗೆಯಲ್ಲಿದ್ದ ಪ್ರತಿಯೊಬ್ಬರೂ ಆ ಮುಖಪುಟ ನೋಡಿದವರೇ, ನೀನು ಹಲ್ಲು ಕಿಸಿದದ್ದು ಎಲ್ಲರಿಗೂ ಗೊತ್ತು. ಒಬ್ಬರೂ ತುಟಿ ಬಿಚ್ಚಲಿಲ್ಲ. ನಾಳೆ ನೀನು ಎದ್ದು ನಡೆದರೆ ಯಾರಾದರೂ ದನ ಆರಿಸಲು ನಿನ್ನನ್ನು ಕರೆಯಬೇಕಲ್ಲ, ಅಪ್ಪ ಹಾಗೆ ಹೇಳಿದ್ದು ಅದಕ್ಕಾಗಿ. ಬರುವ ಭಾನುವಾರ ಅಪ್ಪ ಒಮಾಹಾಕ್ಕೆ ಬರುತ್ತಾನೆ, ಎಲ್ಲ ಬಾಯಾರೆ ಹೇಳುತ್ತಾನೆ, ಇದನ್ನೂ ಹಾಗೆಯೇ ಹೇಳುತ್ತಾನೆ. ಅವನು ಬಾಯಿ ಬಿಟ್ಟರೆ ಎದುರು ಮಾತಾಡುವುದು ನಿನ್ನ ಹುಟ್ಟುಗುಣ. ಈ ಒಂದು ಸಲ ಬೇಡ, ಐನಾರ್. ಹೂಂ ಅಪ್ಪ ಎನ್ನು. ನಿನಗೆ ಕೊಡಲು ಅವನ ಹತ್ತಿರ ಬೇರೇನೂ ಉಳಿದಿಲ್ಲ.